ನೀರು ಬಂದಾಗ

ಮೆಹಜಬೀನ್ ನನ್ನ ಫೋನಿನಾಗ ಮೂರು ಆ್ಯಪ್ ಹಾಕಿಕೊಟ್ಟಳು,
ಸೀರಿ ಅಂಗಡ್ಯಾಗ ಮೂರು ಹರವಿದಂಗ.
"ಒಂದು ವಾರ ನೋಡು ಯಂಕಕ್ಕ,
ಒಪ್ಪಿದ್ದು ಇಟ್ಕೋ, ಉಳಿದದ್ದು ತೆಗಿ."

ಅಲ್ಲೀತನಕ ನನ್ನ ಕೆಲಸ ಇದ್ದದ್ದು
ಕಟಿಂಗ್ ಟೇಬಲ್ಲಿನ ಅಂಚಿಗೆ, ಟೇಲರ್ ಚಾಕಿನ ಬರಹದಾಗ:
ನಲವತ್ತರ ಬಂಡಲ್ ಎರಡು, ಬೆಲ್ಟ್ ಲೂಪ್ ಬಾಕಿ,
ಮುಂಡರಗಿ ವಾಷಿಂಗಿಗೆ ಆಟೋ ಹೇಳು,
ಕಾಜಾದ ಗಾದಿಲಿಂಗನಿಗೆ ಮುನ್ನೂರು.
ಮುಗಿದದ್ದನ್ನ ಮೊಣಕೈ ತಾನಾಗೇ ಒರಸತಿತ್ತು.
ಮುಗಿಯದ್ದನ್ನೂ.

ಹೋದ ತಿಂಗಳು ಹಂಗೇ ಮೂವತ್ತಾರು ಸೈಜಿನ ಒಂದು ಆರ್ಡರ್
ಮೊಣಕೈ ಪಾಲಾತು.
ಸೇಠ್ ಬೈಯಲಿಲ್ಲ, ನಕ್ಕ.
"ನೆನಪಿಗೂ ಒಂದು ಜಿಪ್ ಹಾಕಿಸ್ಕೋ" ಅಂದ.
ಬೈದಿದ್ದರ ಚಲೋ ಇತ್ತು.

ಮೊದಲನೇದು ಗಿಡ ಬೆಳಸುವಂಥಾದ್ದು.
ಒಂದು ಕೆಲಸಕ್ಕ ಒಂದು ಎಲಿ.
ಗುರುವಾರ ಮಧ್ಯಾಹ್ನ ಕರೆಂಟು ಹೋತು,
ಎಂಟು ಮಷೀನು ಬಾಯಿ ಮುಚ್ಚಿಕೊಂಡು ಕುಂತವು,
ನಾವು ಮೆಟ್ಟಿಲ ಮ್ಯಾಲ ವಗ್ಗಾಣಿ ಮಿರ್ಚಿ ತಿಂದಿವಿ.
ಸಂಜಿಗೆ ನೋಡಿದರ ಗಿಡ ಸೊರಗಿ ನಿಂತೈತಿ.
ಬಳ್ಳಾರಿ ಬಿಸಲಾಗ ಓಣಿ ಬೇವಿನಮರವೇ ಹಸರಾಗಿರುವಾಗ
ಫೋನಿನ ಒಳಗ, ನೆರಳಾಗ ಇರೋದಕ್ಕೇನು ಧಾಡಿ?
ತೆಗೆದೆ.

ಎರಡನೇದು ಓದಿಕೊಂಡದ್ದು.
ಏನು ಬರೆದರೂ ಕೇಳತೈತಿ:
ಇದು ಮುಖ್ಯವೋ, ತುರ್ತೋ, ಎರಡೂನೋ, ಎರಡೂ ಅಲ್ಲವೋ?
ನಾಕು ಮನಿ ಗೀಚಿ ಮುಂದಿಡತೈತಿ, ಚೌಕಾಬಾರದಂಗ.
ಸೇಠನ ರಿವೆಟ್ಟು ತುರ್ತು.
ಮಗಳ ಕಿವಿನೋವು ಎರಡೂ.
'ನನಗೊಂದು ಚಸ್ಮಾ' ಅಂತ ಬರೆದೆ ನೋಡು,
ಬೆರಳು ನಾಕೂ ಮನಿ ಸುತ್ತಿ ಸುತ್ತಿ
ಯಾವ ಮನ್ಯಾಗೂ ಇಳೀಲಿಲ್ಲ.
ಅದನ್ನೂ ತೆಗೆದೆ.
ಚಸ್ಮಾ ಇನ್ನೂ ಬಂದಿಲ್ಲ.

ಮೂರನೇದು ಸಾದಾ. ಬಿಳಿ ಹಾಳಿ,
ಪ್ರತಿ ಸಾಲಿನ ಮುಂದ ಒಂದು ಸೊನ್ನಿ.
ಒತ್ತಿದರ ಟಿಕ್ ಅಂತ ಸಣ್ಣ ಸದ್ದು,
ಗುಂಡಿ ಹೋಗಿ ಕಾಜಾದಾಗ ಕುಂತಂಗ.
ಇದು ಇರಲಿ ಅನ್ನಿಸಿತು.
ಚಾಕೂ ಇರಲಿ, ಅದು ಬ್ಯಾರೆ ಮಾತು.

'ನೀರು ತುಂಬು' ಅಂತ ಬರೆದೆ.
ಮತ್ತೆ ಯಾವಾಗ ನೆನಪಿಸಲಿ? ಅಂತು.
ದಿನಾ. ವಾರಕ್ಕೊಮ್ಮೆ. ತಿಂಗಳಿಗೊಮ್ಮೆ. ವರ್ಷಕ್ಕೊಮ್ಮೆ.
ನಮ್ಮ ಓಣಿಗೆ ಒಮ್ಮೆ ಎಂಟು ದಿನಕ್ಕ, ಒಮ್ಮೆ ಹನ್ನೊಂದಕ್ಕ,
ಒಮ್ಮೆ ನಡುರಾತ್ರಿ, ಒಮ್ಮೆ ಬರೀ ಗಾಳಿ.
'ನೀರು ಬಂದಾಗ' ಅನ್ನೋದು ಆ ಪಟ್ಟ್ಯಾಗ ಇಲ್ಲ.
ಮೆಹಜಬೀನ್ ಎಲ್ಲಾ ಕಡೆ ಒತ್ತಿ ನೋಡಿದಳು.
"ಇದನ್ನ ಮಾಡಿದವರ ಮನ್ಯಾಗ
ತಿರುವಿದರ ಬರತೈತೇನೋ ಅಕ್ಕಾ" ಅಂದಳು.

ನನಗ ಹಂಗಿನವೇ ಜಾಸ್ತಿ ಅವ.
ಸೇಠನ ಮುಖ ಚಂದ ಇದ್ದಾಗ
ಪೀಸಿಗೆ ಎರಡು ರೂಪಾಯಿ ಏರಿಸು ಅಂತ ಕೇಳೋದು.
ಧೈರ್ಯ ಬಂದಾಗ
ಕುರುಗೋಡಿನ ತಂಗಿಗೆ ಫೋನು ಮಾಡೋದು.

ಅದನ್ನೂ ಬರೆದೆ: 'ಹುಲಿಗೆಮ್ಮಗ ಮಾತಾಡು'.
ತಾರೀಖು ಕೇಳಿತು, ನಾಳೆ ಅಂದೆ.
ಅವ್ವನ ಕಾಲು ಮಷೀನು ಯಾರಿಗೆ ಅನ್ನೋ ಮಾತಿಗೆ
ಆಕಿ ಎದ್ದು ಹೋಗಿ ನಾಕು ವರ್ಷ.
ಮಷೀನು ನನ್ನ ಹಂತ್ಯಾಕ ಐತಿ, ಬೆಲ್ಟು ಹರಿದೈತಿ.
ಈಗ ದಿನಾ ಮುಂಜಾನೆ ಕೆಂಪಕ್ಷರ:
ಒಂದು ದಿನ ತಡ. ಎರಡು ದಿನ ತಡ.
ಪಾಪ, ಅದಕ್ಕೇನು ಗೊತ್ತು,
ಅದು ಎಣಿಸಾಕ ಕುಂತದ್ದೇ ಮೊನ್ನೆ.

ನಿನ್ನೆ ರಾತ್ರಿ ಎರಡೂವರಿಗೆ
ಪಕ್ಕದ ಮನಿ ಹುಸೇನಮ್ಮ ಬಾಗಿಲು ಬಡಿದಳು.
"ಏಳೇ, ಬಂದೈತಿ!"
ಎದ್ದೆ, ಪೈಪು ಸಿಗಿಸಿದೆ,
ಫೋನಿನ ಬೆಳಕಿನಾಗ ಡ್ರಮ್ಮಿನ ಮುಂದ ಕುಂತೆ.
ಹದಿನಾರು ದಿನ ತಡ, ಅಂತಿತ್ತು.
ಇಷ್ಟೊತ್ತಿನಾಗ ಯಾರಿಗಾರ ಫೋನು ಮಾಡತಾರೇನು?
ಆದರ ಕುರುಗೋಡಿಗೂ ಈಗಲೇ ಬಿಟ್ಟಿದ್ದರ,
ಆಕಿಯೂ ಹಿಂಗೇ ಡ್ರಮ್ಮಿನ ಮುಂದ ಕುಂತಿದ್ದರ,

ಅಂತ ನೋಡತಾ ಇದ್ದೆ.
ಕಾಲು ತಣ್ಣಗಾತು.
ಡ್ರಮ್ಮು ತುಂಬಿ ಆಗಲೇ ಅಂಗಳಕ್ಕ ಹರಿಯಾಕ ಹತ್ತಿತ್ತು.