ಅಂಗುಸ್ತಾನದ ಅಳತೆ

ವಾಲ್ಪರೈಸೊ ಗುಡ್ಡದ ಮೇಲೆ ನೀಲಿ ತಗಡಿನ ಮನೆ.
ದರ್ಜಿ ಎದುವೀಹಿಸ್ ಬಿಸಿನೀರಲ್ಲಿ ಪೊಟ್ಟಣ ಅದ್ದಿ
ಮೀನಿನ ವಾಸನೆ ಏಳುವ ತನಕ ಕಾಯುತ್ತಾಳೆ.

ತಟ್ಟೆ ಬದಲಾಯಿತು: ಮೀಸೆಗೆ ಅಂಚು ತಾಗಬಾರದಂತೆ.
ಜಾಗ ಬದಲಾಯಿತು. ಟ್ಯೂನಾ ಹೋಗಿ ಕೋಳಿ ಬಂತು,
ಕೋಳಿ ಹೋಗಿ ಮತ್ತೆ ಟ್ಯೂನಾ.
ಮೂಸಿದ ಕಪಿತಾನ್,
ಕೆಸರು ತುಳಿದವನಂತೆ ಕಾಲೊದರಿ
ಕಿಟಕಿಗೆ ಹೋಗಿ ಕೂತ.
ಒಣಕಾಳಿನ ಡಬ್ಬಿ ಎಲ್ಲಿದೆಯೆಂದು ಗೊತ್ತು ಅವನಿಗೆ.

"ಕಿಡ್ನಿಗೆ ನೀರು ಬೇಕಂತೆ ಮಾರಾಯ,
ನೀನೋ ಕುಡಿಯುವವನಲ್ಲ. ಇದನ್ನಾದರೂ ನೆಕ್ಕು."

ಬೇಸತ್ತು ಹೊಲಿಗೆಗೆ ಕೂತಳು.
ಬೆರಳ ಅಂಗುಸ್ತಾನಕ್ಕೆ ಅಂಟಿತ್ತು ಚೂರು ಗಸಿ.
ಅವನು ಬಂದ.
ಹಿತ್ತಾಳೆಯ ಒಂದೊಂದು ಗುಳಿಯನ್ನೂ ಬಿಡದೆ ನೆಕ್ಕಿದ.

ಅಂದಿನಿಂದ ಅದೇ ಚಮಚ, ಅದೇ ಅಳತೆ.
ನಿನ್ನೆ ಮೂರು. ಇವತ್ತು ಐದೂವರೆ.
ಯಾರದೋ ಮದುವೆ ಗೌನಿಗೆ ಮೀನಿನ ಕಲೆ;
ಇರಲಿ, ಒಳಮಡಿಕೆ, ಕಾಣದು.

ನೋಡಿದರೆ ನಿಲ್ಲಿಸುತ್ತಾನೆ.
ಕಣ್ಣು ಮುಚ್ಚಿ ಕುಡಿಯುವುದು ಬೆಕ್ಕಿನ ಚಾಳಿ ಎನ್ನುತ್ತಾರಲ್ಲ,
ಈ ಮನೆಯಲ್ಲಿ ಕಣ್ಣು ಮುಚ್ಚುವವಳು ಅವಳೇ,
ಬೆರಳು ಚಾಚಿ,
ಲೋಹದ ಮೇಲೆ ಒರಟು ನಾಲಿಗೆ
ಸವರುವ ಸದ್ದು ಎಣಿಸುತ್ತ.