ಬೆರಳ ಗುರುತು

ಅಕ್ಕಲಕೋಟೆ, ಬಸ್ ಸ್ಟ್ಯಾಂಡ್ ಹಿಂದಿನ ಮಹಡಿ.
ಬಿಳಿ ಹಲಗೆಯ ಮೇಲೆ ಬಾಣ ಎಳೆಯುತ್ತೇನೆ:
ಗಿರಾಕಿ, ಕ್ಲಿಕ್ಕು, ಮತ್ತೆ ಗಿರಾಕಿ.
ಮೂರು ಪೋರ್ಟಲ್ ಕಟ್ಟಿದವಳು, ಎರಡು ಮಾರಿದವಳು;
ಮುಳುಗಿದ ಮೂರನೆಯದನ್ನು
‘ಅನುಭವ’ ಎಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದೇನೆ.

ಕೊನೆಯ ಸಾಲಿನಲ್ಲಿ ಕಡಕ್ ರೊಟ್ಟಿಯ ಭೌರವ್ವ ಬಿರಾಜದಾರ.
“ನಿಮ್ಮ ಕೈಕೆಳಗ ಎಷ್ಟ ಮಂದಿ ಇದ್ರು, ಬಾಯಾರ?”
“ಇನ್ನೂರಾ ಆರು.”
“ಹೆಸರು?”

ಗಂಟು ಬಿಚ್ಚಿ, ಒಂದು ರೊಟ್ಟಿ ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದಳು:
“ಈ ಬೆರಳ ನೋಡ್ರಿ, ನಮ್ಮ ಕಸ್ತೂರಿದು.
ನಿನ್ನೆ ಜ್ವರ ಇತ್ತು, ಅದಕ ದಪ್ಪ ಬಡದಾಳ.”

ರಾತ್ರಿ ಹನ್ನೊಂದೂವರೆ, ಒಂದೇ ಮೇಲ್,
ಇನ್ನೂರಾ ಆರು ಜನಕ್ಕೆ.
ನಾನೇ ಕಳಿಸಿದ್ದು.

ಮಾರ್ಕರಿನ ಮುಚ್ಚಳ ತೆಗೆದೇ ಇತ್ತು.
ಬಾಣದ ಕೆಳಗೆ ಒಂದು ಹೆಸರು ಬರೆದೆ.
ಅಡ್ಡಹೆಸರು ನೆನಪಾಗಲಿಲ್ಲ.