ಎಂಟನೇ ಪುಟ, ಡಿಸೆಂಬರ್ ಮೂವತ್ತು

ಸಂಜೆ ಆರಕ್ಕೆ ಪುಟ ಬಂತು, ಪ್ರಿಂಟರಿನ ಬಿಸಿ ಆರಿರಲಿಲ್ಲ.
ವರ್ಷಕ್ಕೊಮ್ಮೆಯ ಪುಟ: ಅಗಲಿದ ಗಣ್ಯರು.
ಮೂರು ಸಾಲು, ಸಾಲಿಗೆ ಮೂರು ಚೌಕ,
ಒಬ್ಬೊಬ್ಬರಿಗೆ ಎಂಟು ಸೆಂಟಿಮೀಟರ್ ಅಗಲ.
ಅಷ್ಟರೊಳಗೆ ಮಾಜಿ ಶಾಸಕರು ಕೈ ಮುಗಿದಿದ್ದಾರೆ,
ಬ್ಯಾಂಕಿನ ಅಧ್ಯಕ್ಷರು ಕೋಟಿನೊಳಗೆ ಬೆವರಿದ್ದಾರೆ,
ಭಾಗವತರು ಬಾಯಿ ತೆರೆದಲ್ಲಿಗೇ ನಿಂತಿದ್ದಾರೆ,
ಯಾವ ಪದ್ಯವೋ, ಫೋಟೋ ತೆಗೆದವನಿಗೇ ಗೊತ್ತು.

ದುಃಖಪಡುವುದು ನನ್ನ ಕೆಲಸವಲ್ಲ.
ಒತ್ತು, ದೀರ್ಘ, ಇಸವಿ ನೋಡುವುದು.
ಸತ್ತ ವರ್ಷದಲ್ಲಿ ಹುಟ್ಟಿದ ವರ್ಷ ಕಳೆದು
ವಯಸ್ಸು ಸರಿಯುಂಟೇ ಎಂದು ಬೆರಳು ಮಡಚುವುದು.
ಈ ಸಲ ಒಬ್ಬರು ಹುಟ್ಟುವ ಮೊದಲೇ ಶಾಲೆ ಕಟ್ಟಿಸಿದ್ದರು;
ತಿದ್ದಿದೆ.

ಒಂಬತ್ತನೇ ಚೌಕ ಖಾಲಿ.
"ಅದು ಜಾಹೀರಾತಿಗೆ," ಎಂದಳು ಡೆಸ್ಕಿನ ಹುಡುಗಿ ಸೌಪರ್ಣಿಕಾ.
"ಬಾರದಿದ್ದರೆ ಯಾರನ್ನಾದರೂ ಹಾಕುವ, ಸರ್.
ಇನ್ಯಾರು ಹೋದದ್ದು ಈ ವರ್ಷ?"

ಎಲೀಷ ಕುಂದರ್.
ಬಲ್ಮಠದ ಇಳಿಜಾರಿನವ. ಆಟಿಯಲ್ಲಿ, ಕರೆಂಟಿಲ್ಲದ ರಾತ್ರಿ.
ಕಂಪ್ಯೂಟರ್ ಬರುವ ಮೊದಲು ಮಂಗಳೂರಿನ ಸಾವನ್ನೆಲ್ಲ
ಮೊಳೆ ಮೊಳೆಯಾಗಿ, ತಲೆಕೆಳಗಾಗಿ ಜೋಡಿಸಿದವ.
ಸತ್ತವರ ಹೆಸರಿಗೆ ಸವೆದ ಮೊಳೆ ಮುಟ್ಟುತ್ತಿರಲಿಲ್ಲ.
ಬೇರೆಯೇ ಇಟ್ಟಿದ್ದ, ಹೊಸತು,
ಹೆಂಡತಿಯ ಹಳೆಯ ಪೌಡರ್ ಡಬ್ಬಿಯಲ್ಲಿ.
ಧಣಿಗೂ ಅದರಿಂದಲೇ, ಬಂದರಿನ ಹಮಾಲಿಗೂ ಅದರಿಂದಲೇ.
"ಏರ್ ಪೋಂಡಲಾ ಅಕ್ಷರ ಒಂಜೇ," ಅನ್ನುತ್ತಿದ್ದ,
ಯಾರು ಹೋದರೂ ಅಕ್ಷರ ಒಂದೇ.
ಮಾರನೆಯ ದಿನ ಹೆಸರು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು
ಮತ್ತೆ ಡಬ್ಬಿಗೆ.
ಧಣಿಯ ಶಕಾರ ಎಷ್ಟು ಹಮಾಲಿಗಳ ಹೆಸರಲ್ಲಿ ದುಡಿಯಿತೋ,
ಒಂದು ದೂರೂ ಬರಲಿಲ್ಲ.

ದೂರು ಬಂದದ್ದು ಒಮ್ಮೆ.
ಹೆಂಚಿನ ಕಾರ್ಖಾನೆಯ ಯಜಮಾನರು ತೀರಿಕೊಂಡ ರಾತ್ರಿ
ಮೇಲಿನ ಸಾಲಿಗೆಂದು ನಾನು ಎಳೆದ ದೀರ್ಘದ ಗುರುತು
ಒಂದು ಸಾಲು ಕೆಳಗೆ ಜಾರಿ
ನಿಧನ ಇರಬೇಕಾದಲ್ಲಿ, ಮುಖಪುಟದಲ್ಲಿ,
ದೊಡ್ಡ ಅಕ್ಷರದಲ್ಲಿ, ನಿಧಾನ.
ಬೆಳಿಗ್ಗೆ ಮೂರು ಕಾರು ಬಂದವು.
ಕರಡು ಹಾಳೆ ಮೇಜಿನ ಮೇಲೆಯೇ ಇತ್ತು, ನನ್ನ ಪೆನ್ಸಿಲಿನ ಗೆರೆ ಸಮೇತ.
ಎಲೀಷ ಅದರ ಮೇಲೆ ಚಹಾದ ಗ್ಲಾಸು ಇಟ್ಟು
"ತಪ್ಪು ನನ್ನದು" ಎಂದ.
ಸಂಬಳದಲ್ಲಿ ಹದಿನೈದು ರೂಪಾಯಿ ಹೋಯಿತು.
ಹಿಂಬಾಗಿಲಲ್ಲಿ ಬೀಡಿ ಹಚ್ಚಿ ಕೇಳಿದ:
"ನಿಧಾನ ಅಂದರೆ ಬೈಗುಳವಾ?
ಅಷ್ಟು ಅವಸರದಲ್ಲಿ ಯಾಕೆ ಹೋಗಬೇಕು ಮನುಷ್ಯ?"
ನಾನು ನಕ್ಕೆ. ಹದಿನೈದು ರೂಪಾಯಿ ಕೊಡಲಿಲ್ಲ.
ನಾಳೆ ಕೊಡುವ ಎಂದುಕೊಂಡೆ, ಆಮೇಲೆ ಕೊಟ್ಟಿದ್ದೇನೆ ಎಂದುಕೊಂಡೆ.

ಜುಲೈಯಲ್ಲಿ ಅವನ ಮಗಳು ಕಟ್ಟಿದ ಮೂರು ಸಾಲು
ನನ್ನ ಮೇಜಿಗೇ ಬಂತು. ನಿವೃತ್ತ ಮುದ್ರಣ ನೌಕರ.
ಎಲಿಷ ಎಂದು ಬರೆದಿದ್ದರು. ದೀರ್ಘ ಕೊಟ್ಟೆ.
ನಾನು ಅವನಿಗೆ ಕೊಟ್ಟದ್ದು ಅಷ್ಟೇ.

"ಸರ್, ಯಾರಾದರೂ ಹೊಳೆದರಾ?"
ಫೋಟೋ ಇಲ್ಲ ನನ್ನಲ್ಲಿ. ಇದ್ದರೂ
ಏನು ಬರೆಯುವುದು ಕೆಳಗೆ, ಎರಡು ಸಾಲಿನಲ್ಲಿ?
ಗಣ್ಯದ ಹಿಂದೆ ಒಂದು ನ ಬಂದು ಕೂತರೆ ತೆಗೆಯುವುದು
ಪೆನ್ಸಿಲಿಗೆ ಸಾಧ್ಯವಿಲ್ಲ.
ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಂತು ಅವಳಿಗೆ,
ಕಂಕನಾಡಿಯ ಹೋಟೆಲು, ಹೊಸ ವರ್ಷದ ಬಿರಿಯಾನಿ,
ಎರಡು ಕೊಂಡರೆ ಒಂದು ಉಚಿತ.
ಒಂಬತ್ತನೇ ಚೌಕ ತುಂಬಿತು.
ಬಿರಿಯಾನಿಯಲ್ಲಿ ತಪ್ಪಿರಲಿಲ್ಲ.

ಪುಟವನ್ನು ತಿರುಗಿಸಿ ಹಿಡಿದೆ, ತಲೆಕೆಳಗೆ, ಅವನು ಓದುತ್ತಿದ್ದ ಹಾಗೆ.
ಶಾಸಕರು ಕಾಲಿಲ್ಲದೆ ತೂಗಿದರು.
ಒಂದೊಂದು ಅಕ್ಷರದ ಮೇಲೂ ಪೆನ್ಸಿಲಿನ ಮೊನೆ ಊರಿ
ಮೊದಲಿನಿಂದ ಶುರು ಮಾಡಿದೆ.

"ಸರ್, ಏಳೂವರೆ. ಪುಟ ಬಿಡುವನಾ?"
ನಿಧಾನ ಮಾರಾಯ್ತಿ, ಎಂದೆ.
ಇನ್ನೂ ಏಳು ಜನ ಇದ್ದಾರೆ.